ಜೀನ್ಸ್ ಘಟಕದಲ್ಲಿ ಇಯರ್ ಮಫ್: ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ

ಬಳ್ಳಾರಿಯಲ್ಲಿ ಕೈಗಾರಿಕಾ ಸುರಕ್ಷತಾ ಸಾಮಗ್ರಿ ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಹೆಲ್ಮೆಟ್, ಕೈಗವಸು, ಸೇಫ್ಟಿ ಶೂಗಳ ನಡುವೆ ಅಲ್ಲಿ ತೂಗುಹಾಕಿರುವ, ಸದ್ದು ತಗ್ಗಿಸಲು ಕಿವಿಯ ಮೇಲೆ ತೊಡುವ ಇಯರ್ ಮಫ್‌ಗಳನ್ನು ಕೊಳ್ಳುವವರು ಹೆಚ್ಚಾಗಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಸಂಡೂರಿನ ಗಣಿಗಳಿಗೋ ಕೆಲಸಗಾರರನ್ನು ಒದಗಿಸುವ ಗುತ್ತಿಗೆದಾರರು. ಆದ್ದರಿಂದ ಜೀನ್ಸ್ ಹೊಲಿಯುವ ಘಟಕಕ್ಕೆ ಒಂದು ಬೇಕೆಂದಾಗ ಅಂಗಡಿಯವರು ಅಚ್ಚರಿಪಟ್ಟದ್ದು ಸಹಜವೇ. ನಾನು ಹಾಜರಾತಿ, ಕೂಲಿ ಲೆಕ್ಕ ಮತ್ತು ಚೆಕಿಂಗ್ ವಿಭಾಗವನ್ನು ನೋಡಿಕೊಳ್ಳುವ ಘಟಕದಲ್ಲಿ ಆಟಿಸಂ ಇರುವ ಯುವಕನೊಬ್ಬ ಹೊಲಿದ ಪ್ಯಾಂಟುಗಳ ತಪಾಸಣೆ ಮಾಡುತ್ತಾನೆ. ಈ ವಿಮರ್ಶೆ ಅವನಿಗಾಗಿ ಕೊಂಡ, ತಲೆಯ ಮೇಲೆ ಪಟ್ಟಿಯಿರುವ, ಬ್ಯಾಟರಿ ಬೇಡದ ಸಾದಾ ಇಯರ್ ಮಫ್ ಕುರಿತದ್ದು. ಇಲ್ಲಿ ಬ್ರ್ಯಾಂಡ್‌ಗಿಂತ ಬಗೆಯೇ ಮುಖ್ಯವಾದ್ದರಿಂದ ಹೆಸರು ಹೇಳುತ್ತಿಲ್ಲ. ಬೆಲೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು.

ಹೊಲಿಗೆ ಘಟಕದ ಸದ್ದು ಗಣಿಯ ಸದ್ದಿನಂತೆ ಕಿವಿ ಕೆಡಿಸುವಷ್ಟು ದೊಡ್ಡದಲ್ಲದಿರಬಹುದು, ಆದರೆ ಅದು ಒಂದೇ ಸದ್ದಲ್ಲ. ಸಾಲು ಯಂತ್ರಗಳ ಮೋಟಾರು, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರದ ಕಿರಿಚು, ಇಸ್ತ್ರಿಯ ಹಬೆ, ರಿವೆಟ್ ಹೊಡೆಯುವ ಪ್ರೆಸ್ಸಿನ ಧಡ್ ಧಡ್, ಕರೆಂಟ್ ಹೋದಾಗ ಜನರೇಟರ್, ಇವೆಲ್ಲದರ ಮೇಲೆ ಒಬ್ಬೊಬ್ಬರ ಮೊಬೈಲಿನಿಂದ ಕನ್ನಡ, ತೆಲುಗು, ಹಿಂದಿ ಹಾಡುಗಳು. ನಮ್ಮಂಥವರ ಮಿದುಳು ಇವುಗಳಲ್ಲಿ ಬೇಡವಾದದ್ದನ್ನು ತಾನಾಗಿಯೇ ಹಿಂದಕ್ಕೆ ಸರಿಸುತ್ತದೆ. ಆಟಿಸಂ ಇರುವ ಅನೇಕರಲ್ಲಿ ಆ ಸರಿಸುವ ಕೆಲಸ ಸುಲಭವಾಗಿ ನಡೆಯುವುದಿಲ್ಲವಾದ್ದರಿಂದ ಪ್ರತಿಯೊಂದು ಸದ್ದೂ ಮುಂದೆಯೇ ನಿಂತಿರುತ್ತದೆ. ಇದು ನಾಜೂಕುತನವೋ ನೆಪವೋ ಅಲ್ಲ: ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ 5ನೇ ಆವೃತ್ತಿಯು 2013ರಲ್ಲಿ ಬಂದಾಗ, ಸದ್ದು, ಬೆಳಕು, ಸ್ಪರ್ಶಗಳಿಗೆ ತೋರುವ ಅತಿಯಾದ ಅಥವಾ ತೀರಾ ಕಡಿಮೆಯಾದ ಪ್ರತಿಕ್ರಿಯೆಯನ್ನು ಆಟಿಸಂ ಗುರುತಿಸುವ ಮಾನದಂಡಗಳಲ್ಲಿ ಒಂದಾಗಿ ಸೇರಿಸಲಾಯಿತು.

ಈಗ ಮಫ್‌ನ ವಿಚಾರ. ಡಬ್ಬಿಯ ಮೇಲೆ, ಸದ್ದನ್ನು ಎಷ್ಟು ತಗ್ಗಿಸುತ್ತದೆಂದು ಹೇಳುವ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಎಂಬ ಅಂಕಿ ಇರುತ್ತದೆ. ಮೊದಲನೆಯದು ಅಮೆರಿಕದ ಪದ್ಧತಿ, ಎರಡನೆಯದು ಯುರೋಪಿನದು. ಎನ್‌ಆರ್‌ಆರ್ 25 ಎಂದಿದ್ದರೆ ಸದ್ದು 25 ಡೆಸಿಬೆಲ್ ಇಳಿಯುತ್ತದೆಂದು ನಂಬಿ ಕೊಳ್ಳಬಾರದು. ಪ್ರಯೋಗಾಲಯದಲ್ಲಿ ಹೊಂದಿಸಿ ತೊಡುವುದಕ್ಕೂ ಬೆವರುತ್ತ ದುಡಿಯುವವರು ತೊಡುವುದಕ್ಕೂ ಅಂತರವಿರುವುದರಿಂದ, ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಶಾ, ಸಾಮಾನ್ಯ ಮಾಪಕದಲ್ಲಿ ಅಳೆದ ಸದ್ದಿಗೆ ಆ ಅಂಕಿಯಲ್ಲಿ 7 ಕಳೆದು, ಉಳಿದದ್ದನ್ನು ಅರ್ಧ ಮಾಡಿ ಲೆಕ್ಕ ಹಿಡಿಯುವ ಎಚ್ಚರಿಕೆಯ ವಿಧಾನವನ್ನು ಸೂಚಿಸುತ್ತದೆ. ಆ ಪ್ರಕಾರ 25 ಎಂಬುದು 9ಕ್ಕೆ ಇಳಿಯುತ್ತದೆ. ನಮ್ಮ ಅನುಭವವೂ ಇದಕ್ಕೆ ಹತ್ತಿರವೇ. ಓವರ್‌ಲಾಕ್‌ನ ಕಿರಿಚು ಮತ್ತು ಹಬೆಯ ಸೀಟಿಯಂಥ ತೀಕ್ಷ್ಣ ಸದ್ದುಗಳು ಚೆನ್ನಾಗಿ ತಗ್ಗಿದವು. ಜನರೇಟರಿನ ಗುಂಯ್‌ಗುಡುವ ತಗ್ಗುಸ್ವರ ಅಷ್ಟಾಗಿ ತಗ್ಗಲಿಲ್ಲ, ಏಕೆಂದರೆ ಬ್ಯಾಟರಿಯಿಲ್ಲದ ಮಫ್‌ಗಳ ಸ್ವಭಾವವೇ ಹಾಗೆ. ರಿವೆಟ್ ಪ್ರೆಸ್ಸಿನ ಪೆಟ್ಟಂತೂ ಕಿವಿಗಿಂತ ಹೆಚ್ಚಾಗಿ ಮೇಜಿನ ಹಲಗೆಯ ಮೂಲಕ ಮೊಣಕೈಗೆ ಬರುತ್ತಿತ್ತು. ಅದಕ್ಕೆ ಮಫ್ ಏನೂ ಮಾಡಲಾರದು; ಪ್ರೆಸ್ಸಿನ ಕೆಳಗೆ ದಪ್ಪ ರಬ್ಬರ್ ಹಾಸಿ, ಚೆಕಿಂಗ್ ಮೇಜನ್ನು ಆ ಗೋಡೆಯಿಂದ ಸರಿಸಿದ ಮೇಲೆಯೇ ಅದು ನಿಂತಿತು.

ಬೇಸಿಗೆ ಇದರ ದೊಡ್ಡ ಶತ್ರು. ಮೇ ತಿಂಗಳಿನಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ತಗಡಿನ ಛಾವಣಿಯ ಕೆಳಗೆ, ಇಸ್ತ್ರಿಯ ಹಬೆಯ ಪಕ್ಕದಲ್ಲಿ, ಕಿವಿಯ ಸುತ್ತ ಪ್ಲಾಸ್ಟಿಕ್ ಹೊದಿಕೆಯ ಕುಶನ್ ಒತ್ತಿಕೊಂಡು ಕೂರುವುದು ಹೇಗಿರುತ್ತದೆಂದು ನಾನೇ ಲೆಕ್ಕದ ಮೇಜಿನಲ್ಲಿ ತೊಟ್ಟು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಬೆವರು ಕುತ್ತಿಗೆಗೆ ಇಳಿಯುತ್ತದೆ, ಸಂಜೆಗೆ ನೆತ್ತಿಯ ಮೇಲೆ ಪಟ್ಟಿ ಒತ್ತಿದ ನೋವು ಉಳಿಯುತ್ತದೆ. ಸ್ಪರ್ಶದ ಬಗ್ಗೆಯೂ ಸೂಕ್ಷ್ಮವಾಗಿರುವವರಿಗೆ ಇದು ಒಂದು ಹಿಂಸೆಯನ್ನು ಕೊಟ್ಟು ಇನ್ನೊಂದನ್ನು ಕೊಂಡಂತಾಗಬಹುದು. ಹತ್ತಿಬಟ್ಟೆಯ ತೆಳು ಹೊದಿಕೆಯನ್ನು ನಮ್ಮದೇ ಟೈಲರ್ ಹೊಲಿದುಕೊಟ್ಟರು. ಅದರಿಂದ ಹಿತವಾಯಿತಾದರೂ ಕುಶನ್ ಮತ್ತು ಚರ್ಮದ ನಡುವೆ ಸಂದು ಬಿದ್ದು ಸದ್ದು ಸ್ವಲ್ಪ ಒಳಬರುತ್ತದೆ. ಕನ್ನಡಕದ ಕಡ್ಡಿಯಿಂದಲೂ ಇದೇ ತೊಂದರೆ, ಆದ್ದರಿಂದ ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ಅಂಗಡಿಯಲ್ಲಿ ತೊಟ್ಟು ನೋಡಬೇಕು.

ಹತ್ತಿಪ್ಪತ್ತು ರೂಪಾಯಿಗೆ ಜೊತೆ ಸಿಗುವ ಸ್ಪಂಜಿನ ಇಯರ್ ಪ್ಲಗ್ ಏಕೆ ಬೇಡ ಎಂದು ಕೇಳಬಹುದು. ಸರಿಯಾಗಿ ಹೊಸೆದು ಒಳಕ್ಕೆ ಕೂರಿಸಿದರೆ ಅದು ಮಫ್‌ಗಿಂತ ಕಡಿಮೆಯೇನಲ್ಲ, ಸೆಕೆಯೂ ಇಲ್ಲ. ಆದರೆ ನೀಲಿ ಬಣ್ಣ ಮತ್ತು ನೂಲಿನ ಧೂಳು ಹತ್ತಿದ ಬೆರಳಿನಿಂದ ದಿನವಿಡೀ ತೆಗೆದು ಹಾಕುವ ವಸ್ತು ಅದಲ್ಲ, ಮತ್ತು ಕಿವಿಯೊಳಗೆ ಏನಾದರೂ ಇರುವುದನ್ನೇ ಕೆಲವರು ಸಹಿಸರು. ಬ್ಯಾಟರಿಯ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಜನರೇಟರಿನಂಥ ಒಂದೇಸಮನೆಯ ತಗ್ಗು ಸದ್ದಿಗೆ ಅತ್ಯುತ್ತಮವಾದರೂ ಹಠಾತ್ ಪೆಟ್ಟಿಗೂ ಮಾತಿಗೂ ಅಷ್ಟು ಒಳ್ಳೆಯದಲ್ಲ, ಬೆಲೆಯೂ ಹೆಚ್ಚು. ಕಚೇರಿಯಲ್ಲಿ ಕೂರುವವರಿಗೆ ಅದೇ ಸೂಕ್ತ ಎನ್ನುವೆ.

ಮಫ್‌ಗೆ ಇರುವ ಇನ್ನೊಂದು ಗುಣ ಅದು ಎದ್ದು ಕಾಣುವುದು. ತೊಟ್ಟವನಿಗೆ ಹಿಂದಿನಿಂದ ಕೂಗಿದರೆ ಕೇಳದು ಎಂಬುದು ಎಲ್ಲರಿಗೂ ತಿಳಿಯುವುದರಿಂದ, ಎದುರಿಗೆ ಬಂದು ಮೇಜಿನ ಅಂಚಿನಲ್ಲಿ ಕೈ ತೋರಿಸಿ ಮಾತನಾಡಿಸುವ ರೂಢಿ ತಾನಾಗಿ ಬೆಳೆಯಿತು. ಎದ್ದು ಕಾಣುವುದರ ತೊಂದರೆಯೂ ಉಂಟು. ಮೊದಮೊದಲು ಕಟಿಂಗ್ ಮಾಸ್ಟರ್ ಹಾದುಹೋಗುವಾಗಲೆಲ್ಲ, "ಏನಪಾ, ಹಾಡು ಕೇಳಾಕತ್ತೀಯೇನು?" ಎನ್ನುತ್ತಿದ್ದರು. ಅವರದು ಕೆಟ್ಟ ಮನಸ್ಸಲ್ಲ. ಆದರೆ ತಮಾಷೆಯನ್ನು ತಮಾಷೆಯೆಂದು ಆ ಕ್ಷಣದಲ್ಲಿ ಗುರುತಿಸಲು ಕಷ್ಟಪಡುವವನು ಪ್ರತಿ ಸಲವೂ ಮಫ್ ತೆಗೆದು, "ಇಲ್ಲ ಅಣ್ಣಾ, ಇದರಾಗ ಹಾಡು ಬರಂಗಿಲ್ಲ" ಎಂದು ವಿವರಿಸುತ್ತಿದ್ದ. ಎರಡು ಮಫ್ ಹೆಚ್ಚುವರಿಯಾಗಿ ಕೊಂಡು, ಬೇಕಾದವರು ಯಾರಾದರೂ ಬಳಸಬಹುದೆಂದು ಕಪಾಟಿನಲ್ಲಿಟ್ಟ ಮೇಲೆ ಆ ಪ್ರಶ್ನೆ ನಿಂತುಹೋಯಿತು. ಈಗ ಓವರ್‌ಲಾಕ್ ಸಾಲಿನ ಹೆಣ್ಣುಮಗಳೊಬ್ಬಳು ತಲೆನೋವಿನ ದಿನ ಅದನ್ನು ತೊಡುತ್ತಾಳೆ.

ಇಷ್ಟರಿಂದ ಐದಕ್ಕೆ ನಾಲ್ಕು ಅಂಕ ಕೊಡಬಹುದಾದ ವಸ್ತುವಿಗೆ ನಾನು ಮೂರೇ ಕೊಡುವುದಕ್ಕೆ ಕಾರಣ ವಸ್ತುವಿನಲ್ಲಿಲ್ಲ, ಅದನ್ನು ಕೊಟ್ಟವರು ಅದರಿಂದ ಏನನ್ನು ನಿರೀಕ್ಷಿಸುತ್ತಾರೆ ಎಂಬುದರಲ್ಲಿದೆ. ದಸರೆ, ದೀಪಾವಳಿಯ ಮುಂಚಿನ ಆರ್ಡರುಗಳ ಕಾಲದಲ್ಲಿ ಮಾಲೀಕರು, ಗದ್ದಲದ ತೊಂದರೆ ಹೇಗೂ ಬಗೆಹರಿಯಿತಲ್ಲ ಎಂದು, ಅವನ ಮೇಜಿಗೆ ಬರುವ ಬಂಡಲ್‌ಗಳನ್ನು ಹೆಚ್ಚಿಸಿ ಸಂಜೆಯ ಓವರ್‌ಟೈಮಿಗೂ ಹೆಸರು ಬರೆಸಿದರು. ಅವನು ಬೇಡವೆನ್ನಲಿಲ್ಲ, ಏಕೆಂದರೆ ಅವನನ್ನು ಕೇಳಿರಲಿಲ್ಲ. ಕೆಲವು ವಾರಗಳಲ್ಲಿ, ಒಂದು ನೋಟಕ್ಕೇ ಬಿಟ್ಟುಹೋದ ಹೊಲಿಗೆಯನ್ನು ಹಿಡಿಯುತ್ತಿದ್ದವನು ಒಂದೇ ಪ್ಯಾಂಟನ್ನು ಮತ್ತೆ ಮತ್ತೆ ತಿರುಗಿಸತೊಡಗಿದ, ಮಾತು ಕಡಿಮೆಯಾಯಿತು, ಎಂದೂ ತೊಂದರೆ ಕೊಡದಿದ್ದ ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚುತ್ತದೆಂದು ಕೈ ಅಡ್ಡ ಹಿಡಿದ. ಮನೆಗೆ ಹೋದರೆ ಊಟವನ್ನೂ ಮಾಡದೆ ಮಲಗುತ್ತಾನೆಂದು ತಾಯಿ ಬಂದು ಹೇಳಿದರು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಐಸಿಡಿ-11 ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ರೋಗವೆಂದಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ಔದ್ಯೋಗಿಕ ಸ್ಥಿತಿಯೆಂದು ವಿವರಿಸಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಸಾಮರ್ಥ್ಯ ಕುಂದುವುದು. ಆಟಿಸಂ ಇರುವವರ ಮಾತುಗಳನ್ನೇ ಆಧರಿಸಿ 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅವರ ಬಳಲಿಕೆಗೆ ಬೇರೆಯೇ ಚಹರೆ ಇರುವುದನ್ನು ತೋರಿಸಿದೆ: ತಿಂಗಳುಗಟ್ಟಲೆ ಎಳೆಯುವ ಆಯಾಸ, ಮೊದಲು ಬರುತ್ತಿದ್ದ ಕೌಶಲಗಳು ಕೈತಪ್ಪುವುದು, ಸದ್ದು ಬೆಳಕುಗಳನ್ನು ತಾಳುವ ಶಕ್ತಿ ಇನ್ನಷ್ಟು ಇಳಿಯುವುದು. ಉಳಿದವರಂತೆ ಕಾಣಿಸಿಕೊಳ್ಳಲು ದಿನವಿಡೀ ತಮ್ಮ ಸ್ವಭಾವವನ್ನು ಅದುಮಿಡುವುದೂ ಅದಕ್ಕೆ ಒಂದು ಕಾರಣ. ಈ ಎರಡನೆಯ ಚಹರೆ ಚೆಕಿಂಗ್ ಮೇಜಿನಲ್ಲಿ ನಮಗೆ ಕಂಡದ್ದಕ್ಕೆ ತೀರಾ ಹತ್ತಿರವಾಗಿತ್ತು. ಮಫ್ ಸದ್ದನ್ನು ತಗ್ಗಿಸಿತ್ತು ನಿಜ, ಆದರೆ ತಾಳಿಕೊಳ್ಳಬೇಕಾದ ಗಂಟೆಗಳನ್ನು ಹೆಚ್ಚಿಸಲು ಅದೇ ನೆವವಾದಾಗ ಗಳಿಸಿದ ನೆಮ್ಮದಿ ಬಡ್ಡಿಸಮೇತ ಹೋಯಿತು.

ಪರಿಸ್ಥಿತಿಯನ್ನು ಸುಧಾರಿಸಿದ ಕ್ರಮಗಳಿಗೆ ಹೆಚ್ಚು ಖರ್ಚಾಗಲಿಲ್ಲ. ಮಾಲೀಕರನ್ನು ಒಪ್ಪಿಸಿ ಓವರ್‌ಟೈಮನ್ನು ಅವನ ಇಚ್ಛೆಗೆ ಬಿಟ್ಟೆವು. ಯಾವ ಲಾಟ್ ಮೊದಲು, ಯಾವುದು ಆಮೇಲೆ, ಯಾವ ದೋಷಕ್ಕೆ ಪ್ಯಾಂಟನ್ನು ವಾಪಸು ಕಳಿಸಬೇಕು ಎಂಬುದನ್ನು ಬೆಳಿಗ್ಗೆಯೇ ಚೀಟಿಯಲ್ಲಿ ಬರೆದುಕೊಡುವುದು, ನಡುವೆ ಬದಲಾದರೆ ಅದನ್ನೂ ಬರೆದೇ ಹೇಳುವುದು, ಮೂವರು ಮೂರು ಮಾತು ಹೇಳದೆ ಒಬ್ಬರೇ ಹೇಳುವುದು ಎಂದು ಗೊತ್ತುಮಾಡಿದೆವು. ಚಹಾದ ಹೊತ್ತಿನಲ್ಲಿ ಬಟ್ಟೆ ಥಾನುಗಳ ಕೋಣೆಯಲ್ಲಿ ಅವನು ಒಬ್ಬನೇ ಕೂರಬಹುದು. ಅಲ್ಲಿ ಡೆನಿಮ್ಮಿನ ರಾಶಿಯೇ ಸದ್ದು ಹೀರುವುದರಿಂದ ಮಫ್ ಬೇಕಾಗುವುದಿಲ್ಲ. ಇದಕ್ಕೆ ಇನ್ನೊಂದು ಪ್ರಯೋಜನವಿದೆ: ನಿಶ್ಶಬ್ದ ಜಾಗದಲ್ಲೂ ಸದಾ ಕಿವಿ ಮುಚ್ಚಿಕೊಂಡಿದ್ದರೆ ಸದ್ದಿನ ಸೂಕ್ಷ್ಮತೆ ಇನ್ನೂ ಹೆಚ್ಚಬಹುದೆಂದು ಶ್ರವಣ ತಜ್ಞರು ಎಚ್ಚರಿಸುತ್ತಾರೆ. ಅವನು ಚೇತರಿಸಿಕೊಳ್ಳಲು ಹಬ್ಬಗಳೆಲ್ಲ ಮುಗಿದು ಬಹಳ ಕಾಲ ಹಿಡಿಯಿತು ಎಂಬುದನ್ನೂ ಹೇಳಬೇಕು. ನಾಲ್ಕು ದಿನ ರಜೆ ಕೊಟ್ಟರೆ ಸರಿಹೋಗುತ್ತದೆಂಬ ಲೆಕ್ಕಾಚಾರ ಇಂಥ ಬಳಲಿಕೆಗೆ ಹೊಂದುವುದಿಲ್ಲ.

ಇದು ಮಾಲೀಕರ ಔದಾರ್ಯಕ್ಕೆ ಮಾತ್ರ ಬಿಟ್ಟ ವಿಷಯವೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡಿದ್ದು, ಅವುಗಳಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿವೆ. ಗಮನ ನಿಲ್ಲಿಸಲು ಕಷ್ಟವಾಗುವ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲದಿರುವುದು ನನ್ನ ಮಟ್ಟಿಗೆ ಒಂದು ಲೋಪವೇ. ಕೆಲಸದ ಸ್ಥಳದಲ್ಲಿ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದು 20ನೇ ಕಲಮು ಸರ್ಕಾರಿ ಸಂಸ್ಥೆಗಳಿಗೆ ನೇರವಾಗಿ ವಿಧಿಸುತ್ತದೆ. ಖಾಸಗಿಯವರು ಇದರಿಂದ ಪಾರಾಗಿದ್ದಾರೆಂದು ನಮ್ಮ ಊರಿನ ಅನೇಕರು ತಿಳಿದಿದ್ದಾರೆ, ಆದರೆ 21ನೇ ಕಲಮಿನ ಪ್ರಕಾರ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ಕೆಲಸಗಾರರಿರುವ ಖಾಸಗಿ ಘಟಕದ ನೀತಿಯಲ್ಲಿ ಯಾವ ಹುದ್ದೆಗಳು ಸೂಕ್ತ ಎಂಬುದೂ ಇರಬೇಕು, ಅದಕ್ಕಿಂತ ಚಿಕ್ಕವು ಒದಗಿಸುವ ಸೌಲಭ್ಯಗಳನ್ನಾದರೂ ಹೇಳಬೇಕೆಂದು 2017ರ ನಿಯಮಗಳು ತಿಳಿಸುತ್ತವೆ. ಕೌಲ್ ಬಜಾರಿನ ಮನೆಗಳಲ್ಲಿ ನಡೆಯುವ ಚಿಕ್ಕ ಘಟಕಗಳಿಂದ ಮುಂಡರಗಿಯ ಅಪ್ಯಾರಲ್ ಪಾರ್ಕಿನವರೆಗೆ ಇದು ಅನ್ವಯಿಸುತ್ತದೆ. ನಮ್ಮ ನೀತಿಯಲ್ಲಿ ಮಫ್, ಚೀಟಿ, ಥಾನುಗಳ ಕೋಣೆ ಮೂರನ್ನೂ ಬರೆದಿದ್ದೇವೆ. ಬಳಲಿಕೆ ಮನಸ್ಸನ್ನು ಕುಗ್ಗಿಸುವ ಮಟ್ಟಕ್ಕೆ ಬಂದಿದ್ದರೆ 14416ಕ್ಕೆ ಕರೆ ಮಾಡಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಕೊಳ್ಳುವವರಿಗೆ ಕೆಲವು ಮಾತು. ಅತಿ ಹೆಚ್ಚು ಅಂಕಿಯ ಮಫ್ ಬೇಡ. ಅದು ಭಾರವಾಗಿರುತ್ತದೆ, ಬಿಗಿಯಾಗಿ ಒತ್ತುತ್ತದೆ, ಬೆಂಕಿಯ ಎಚ್ಚರಿಕೆ ಗಂಟೆಯೂ ಕೇಳದಂತೆ ಮಾಡಬಹುದು. ಮಧ್ಯಮ ಅಂಕಿಯದೇ ಹೊಲಿಗೆ ಘಟಕಕ್ಕೆ ಸಾಕು. ತೊಡುವವರನ್ನೇ ಅಂಗಡಿಗೆ ಕರೆದೊಯ್ದು, ಸಾಧ್ಯವಾದರೆ ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನದಲ್ಲಿ, ಅವರ ಕೈಯಿಂದಲೇ ಆರಿಸಿ. ಬೆವರಿನಿಂದ ಕುಶನ್ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಬಿರುಕಿನಿಂದ ಸದ್ದು ಒಳನುಗ್ಗುತ್ತದೆ. ಆದ್ದರಿಂದ ಬಿಡಿ ಕುಶನ್ ಸಿಗುವ ಮಾದರಿಯನ್ನೇ ಕೇಳಿ. ನಾವು ಕೊಂಡ ಅಂಗಡಿಯಲ್ಲಿ ಅದರ ದಾಸ್ತಾನು ಇರಲಿಲ್ಲ, ತರಿಸಿಕೊಡುತ್ತೇವೆಂದು ಹೇಳಿ ತರಿಸಲೂ ಇಲ್ಲ. ಕೊನೆಗೆ ಆನ್‌ಲೈನಿನಲ್ಲಿ ಕೊಂಡದ್ದಕ್ಕೆ ಮಫ್‌ನ ಬೆಲೆಯ ಕಾಲುಭಾಗದಷ್ಟು ಹಣ ಹೋಯಿತು.