ಪಿ53 ನಾಕೌಟ್ ಇಲಿ ತರಿಸೋ ಮುಂಚೆ ಇದನ್ನೊಮ್ಮೆ ಓದಿ

ಕ್ಯಾನ್ಸರ್ ಗಡ್ಡೆ ತಡೆಯೋ ಪಿ53 ಅನ್ನೋ ಜೀನನ್ನು ತೆಗೆದುಹಾಕಿದ (ಅದೇ ನಾಕೌಟ್) ಈ ಲ್ಯಾಬ್ ಇಲಿಗಳನ್ನು ನಾವು ಎರಡು ವರ್ಷ ಸಾಕಿದ್ದೇವೆ. ಇಲಿ ಒಳ್ಳೆಯದೇ, ತರಿಸಿದ ನಾವೇ ಸ್ವಲ್ಪ ದಡ್ಡರು. ಸಂಶೋಧನೆಗೆ ನಮಗೆ ಬೇಕಿದ್ದದ್ದು ಮೂಳೆಯ ಗಡ್ಡೆ. ಪಿ53 ಎರಡೂ ಪ್ರತಿ ಇಲ್ಲದ ಹೋಮೋ ಮರಿಗಳಾದರೆ ಬೇಗ ಗಡ್ಡೆ ಬರುತ್ತೆ, ಕೆಲಸ ಬೇಗ ಮುಗಿಯುತ್ತೆ ಅಂದುಕೊಂಡೆವು.

ಬೇಗ ಬಂತು ನಿಜ, ಆದರೆ ಬೇರೆ ಕಡೆ. ಈ ಇಲಿಗಳ ಬಗ್ಗೆ 1992ರಲ್ಲೇ ವರದಿ ಬಂದಿತ್ತು. ಇಷ್ಟು ಮುಖ್ಯವಾದ ಜೀನ್ ಇಲ್ಲದೆಯೂ ಮರಿಗಳು ಆರಾಮಾಗಿ ಹುಟ್ಟುತ್ತವೆ, ಆರು ತಿಂಗಳೊಳಗೆ ಹೆಚ್ಚಿನವಕ್ಕೆ ಗಡ್ಡೆ ಬರುತ್ತೆ ಅಂತ. ಅದರಲ್ಲಿ ಜಾಸ್ತಿ ಎದೆಯೊಳಗಿನ ಥೈಮಸ್ ಗ್ರಂಥಿಯ ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್) ಅನ್ನೋದನ್ನು ನಾವು ಓದಿಯೂ ತಲೆಗೆ ಹಾಕಿಕೊಂಡಿರಲಿಲ್ಲ. ನಾಲ್ಕೂವರೆ ತಿಂಗಳಿನ ಒಂದು ಗಂಡು ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು, ಕೂದಲು ಕೆದರಿಕೊಂಡು, ಪಕ್ಕೆ ಎಳೆದುಕೊಂಡು ಉಸಿರಾಡುತ್ತಿತ್ತು. ಅದನ್ನು ನೋವಿಲ್ಲದಂತೆ ಸಾಯಿಸಿ ಎದೆ ತೆರೆದರೆ ಹೃದಯವೇ ಕಾಣಿಸದ ಹಾಗೆ ಬಿಳಿ ಮುದ್ದೆ. ಕಾಲಿನ ಮೂಳೆ ಮಾತ್ರ ಚೆನ್ನಾಗೇ ಇತ್ತು.

ಮೂಳೆ ಗಡ್ಡೆ ಬೇಕಾದವರು ಹೆಟ್ ಇಲಿ ಇಟ್ಟುಕೊಳ್ಳಿ, ಅಂದರೆ ಒಂದು ಪ್ರತಿ ಉಳಿದಿರೋದು. ಅದರಲ್ಲಿ ಸಾರ್ಕೋಮಾ, ಅಂದರೆ ಮೂಳೆ, ಸ್ನಾಯುವಿನಂಥ ಕಡೆ ಬರೋ ಗಡ್ಡೆ, ಜಾಸ್ತಿ. ಆದರೆ ಕಾಯಬೇಕು, ಒಂದೂವರೆ ವರ್ಷಕ್ಕೆ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಗಡ್ಡೆ ಕಾಣಿಸಿಕೊಳ್ಳುತ್ತೆ. ಅಷ್ಟು ದಿನ ಪಂಜರ ತುಂಬಿಕೊಂಡೇ ಇರುತ್ತೆ, ಗೊತ್ತಲ್ವಾ.

ಬ್ರೀಡಿಂಗ್ ಸುಲಭ, ಲೆಕ್ಕ ಮಾತ್ರ ಕೈ ಕೊಡುತ್ತೆ. ಹೆಟ್ ಹೆಟ್ ಕೂಡಿಸಿದರೆ ಕಾಲು ಭಾಗ ಹೋಮೋ ಸಿಗಬೇಕು. ಹೆಣ್ಣು ಹೋಮೋ ಅದಕ್ಕಿಂತ ಕಡಿಮೆ, ಯಾಕಂದ್ರೆ ಕೆಲವು ಹೆಣ್ಣು ಭ್ರೂಣಗಳಲ್ಲಿ ತಲೆಯ ಕಡೆ ನರನಾಳ (ಮುಂದೆ ಮಿದುಳಾಗೋ ಕೊಳವೆ) ಮುಚ್ಚಿಕೊಳ್ಳದೆ ಅವು ಉಳಿಯೋದೇ ಇಲ್ಲ.

ಇನ್ನು ಕಳಿಸಿಕೊಟ್ಟವರ ಕಥೆ. ಪೆಟ್ಟಿಗೆ, ನೀರಿನ ಜೆಲ್, ಆರೋಗ್ಯ ಪತ್ರ ಎಲ್ಲ ಸರಿಯಾಗಿತ್ತು. ಗಂಡಿನ ಕಾರ್ಡ್‌ನಲ್ಲಿ ಹೆಟ್ ಅಂತ ಬರೆದಿತ್ತು. ಎರಡು ಸೂಲು ಆದರೂ ಒಂದೇ ಒಂದು ಹೋಮೋ ಮರಿ ಇಲ್ಲ. ಅನುಮಾನ ಬಂದು ಅಪ್ಪನ ಬಾಲದ ತುದಿ ತೆಗೆದು ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿದರೆ ಫಲಿತಾಂಶದ ಜೆಲ್‌ನಲ್ಲಿ ಒಂದೇ ಬ್ಯಾಂಡ್ (ಗೆರೆ), ಅದೂ ಸಾಮಾನ್ಯ ಇಲಿಯದ್ದು; ಹೆಟ್ ಆಗಿದ್ದರೆ ಎರಡು ಇರಬೇಕಿತ್ತು! ಫೋಟೋ ಕಳಿಸಿದ ಮೇಲೆ ಗೊಣಗದೆ ಬೇರೆ ಗಂಡು ಕೊಟ್ಟರು, ಅದನ್ನು ಒಪ್ಪಬೇಕು. ಹೋದ ಎರಡು ತಿಂಗಳು ಯಾರು ಕೊಡ್ತಾರೆ?

ಐದಕ್ಕೆ ಮೂರೂವರೆ ಕೊಡ್ತೀನಿ, ಕಳೆದ ಒಂದೂವರೆ ಪೂರ್ತಿ ಆ ಕಾರ್ಡಿಗೆ. ಈಗ ಮೂಳೆಯಲ್ಲಿ ಮಾತ್ರ ಜೀನ್ ತೆಗೆಯೋಣ ಅಂತ ಫ್ಲಾಕ್ಸ್ ಇಲಿ (ಜೀನ್‌ನಲ್ಲಿ ಕತ್ತರಿಸೋ ಜಾಗದ ಗುರುತು ಇರೋದು), ಕ್ರೀ ಇಲಿ (ಆ ಗುರುತಲ್ಲಿ ಕತ್ತರಿಸೋ ಕಿಣ್ವ ಇರೋದು) ತರಿಸಿದ್ದೇವೆ. ಈ ಸಲ ಮೊದಲು ಬಾಲದ ತುದಿ ಪಿಸಿಆರ್‌ಗೆ, ಆಮೇಲೆ ಗಂಡು ಹೆಣ್ಣು ಒಂದು ಪಂಜರಕ್ಕೆ.