ರಾತ್ರಿ ಪಾಳಿ ಹಂಚಿಕೊಳ್ಳೋದಾ, ಇಬ್ಬರೂ ಏಳೋದಾ?

ಹಸುಗೂಸು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕೇಳುತ್ತದೆ, ಹಗಲು ರಾತ್ರಿ ಅನ್ನೋ ಲೆಕ್ಕ ಅದಕ್ಕಿಲ್ಲ. ಹಾಗಾದರೆ ರಾತ್ರಿ ಯಾರು ಏಳಬೇಕು?

ಇಬ್ಬರೂ ಎದ್ದರೆ ಧೈರ್ಯ ಜಾಸ್ತಿ. ಒಬ್ಬರು ಹಾಲು ಕುಡಿಸಿದರೆ ಇನ್ನೊಬ್ಬರು ತೇಗು ಬರಿಸಿ, ಬಟ್ಟೆ ಬದಲಿಸಿ ಮಲಗಿಸಬಹುದು. ಮೊದಲ ಕೆಲವು ದಿನಕ್ಕೆ, ಅದರಲ್ಲೂ ಸಿಸೇರಿಯನ್ ಆಗಿದ್ದರೆ, ಇದೇ ಸರಿ. ಹೊಲಿಗೆ ನೋವಲ್ಲಿ ಬಗ್ಗಿ ಮಗು ಎತ್ತೋದು ಸುಲಭ ಅಲ್ಲ. ಆದರೆ ಬರಬರುತ್ತಾ ಇಬ್ಬರಿಗೂ ನಿದ್ದೆ ಇಲ್ಲ, ಬೆಳಗಾದರೆ ಸಣ್ಣದಕ್ಕೂ ಸಿಡುಕು.

ಪಾಳಿ ಮಾಡಿದರೆ ಒಬ್ಬೊಬ್ಬರಿಗೂ ನಾಲ್ಕು ಗಂಟೆಯಾದರೂ ಒಂದೇ ಸಮನೆ ನಿದ್ದೆ. ಬಾಟಲಿ ಹಾಲಾದರೆ ತೊಂದರೆಯೇ ಇಲ್ಲ. ಎದೆಹಾಲಾದರೆ ಅಷ್ಟು ಸಲೀಸಲ್ಲ, ಯಾಕೆಂದರೆ ಶುರುವಿನ ವಾರಗಳಲ್ಲಿ ಕುಡಿಸಿದಷ್ಟೂ ಹಾಲು ಊರುತ್ತದೆ, ತುಂಬಾ ಹೊತ್ತು ಬಿಟ್ಟರೆ ಎದೆ ಕಟ್ಟಿಕೊಂಡು ನೋವು ಬರುತ್ತದೆ. ಆಗ ಅಮ್ಮ ಕುಡಿಸಿ ತಕ್ಷಣ ಮಲಗಲಿ, ಮಿಕ್ಕಿದ್ದೆಲ್ಲ ಇನ್ನೊಬ್ಬರದು.

ನಾನಂತೂ ಪಾಳಿಯನ್ನೇ ಹೇಳ್ತೀನಿ. ಆದರೆ ಒಂದು ಮಾತು: ಕಣ್ಣು ಎಳೆಯುತ್ತಿರುವಾಗ ಮಗುವನ್ನು ಎತ್ತಿಕೊಂಡು ಸೋಫಾದಲ್ಲಿ ಒರಗಬೇಡಿ, ಹಾಗೇ ನಿದ್ದೆ ಹೋದರೆ ಮಗುವಿಗೆ ಉಸಿರುಗಟ್ಟಬಹುದು. ಅದರದೇ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಇಲ್ಲಾ ಇನ್ನೊಬ್ಬರನ್ನು ಎಬ್ಬಿಸಿ.