ಸಿಟೀಸ್: ಸ್ಕೈಲೈನ್ಸ್: ನೂರಾರು ಗಂಟೆ ಆಡಿದ ಮೇಲೆ ಮುಂಬೈ ಹೇಗೆ ಕಾಣುತ್ತದೆ?

ಫಿನ್ಲೆಂಡಿನ ಕೊಲೋಸಲ್ ಆರ್ಡರ್ 2015ರಲ್ಲಿ ತಂದ, ಊರು ಕಟ್ಟುವ ಕಂಪ್ಯೂಟರ್ ಆಟ ಇದು. ಮೊದಲ ವಾರ ಎಲ್ಲರಿಗೂ ಹಿಡಿಸುತ್ತದೆ. ಗುಣದೋಷ ಗೊತ್ತಾಗುವುದು ಜನಸಂಖ್ಯೆ 50,000 ದಾಟಿದ ಮೇಲೆ.

ಟ್ರಾಫಿಕ್ ಪಾಠ ಮಾತ್ರ ಅಪ್ಪಟ. ಆರು ಲೇನಿನ ರಸ್ತೆ ಹಾಕಿದರೂ ಗಾಡಿಗಳೆಲ್ಲ ಒಂದೇ ಲೇನಿನಲ್ಲಿ ಸಾಲುಗಟ್ಟುತ್ತವೆ. ಮುಂದೆ ತಿರುಗಬೇಕಾದ ಲೇನನ್ನು ಅವು ಬಹಳ ಮೊದಲೇ ಹಿಡಿದುಬಿಡುವುದೇ ಕಾರಣ. ರಸ್ತೆ ಅಗಲ ಮಾಡಿ ಪ್ರಯೋಜನವಿಲ್ಲ. ಒತ್ತೊತ್ತಾಗಿರುವ ಸಿಗ್ನಲ್ ಜಂಕ್ಷನ್‌ಗಳನ್ನು ತೆಗೆದು, ಕಾರ್ಖಾನೆ ಲಾರಿಗಳಿಗೆ ಹೈವೇಗೆ ಬೇರೆ ದಾರಿ ಕೊಟ್ಟು, ಸರಕು ರೈಲು ನಿಲ್ದಾಣ ಇಟ್ಟರೆ ಗಂಟು ಸಡಿಲವಾಗುತ್ತದೆ. ಇಷ್ಟು ಕಲಿತವರು ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಸಿಕ್ಕಿಕೊಂಡಾಗ ಇನ್ನೊಂದು ಫ್ಲೈಓವರ್ ಕೇಳುವ ಮೊದಲು ಮುಂದಿನ ಜಂಕ್ಷನ್ ಯಾವುದೆಂದು ನೋಡುತ್ತಾರೆ.

ಆದರೆ ಒಂದು ಕಳ್ಳಾಟವಿದೆ. ಬಹಳ ಹೊತ್ತು ನಿಂತ ಗಾಡಿಯನ್ನು ಆಟವೇ ಮಾಯ ಮಾಡುತ್ತದೆ. ಹಾಗಾಗಿ ಸಂಚಾರ ಶೇ. 80 ಸರಾಗ ಎಂದು ತೋರಿಸಿದರೆ ನಂಬಬೇಡಿ. ಟ್ರಾಫಿಕ್ ಮ್ಯಾನೇಜರ್ ಎಂಬ ಮಾಡ್ (ಆಟಗಾರರೇ ಮಾಡಿದ ಸೇರ್ಪಡೆ) ಹಾಕಿ ಈ ಮಾಯವನ್ನು ನಿಲ್ಲಿಸಿದರೆ ಬಣ್ಣ ಬಯಲಾಗುತ್ತದೆ. ಪಾರ್ಕಿಂಗ್ ಕಥೆಯೂ ಅದೇ: ಜಾಗ ಸಿಗದಿದ್ದರೆ ಕಾರು ಮಾಯವಾಗಿ ಜೇಬಿಗೆ! ದಾದರಿನಲ್ಲಿ ಕಾರು ನಿಲ್ಲಿಸಲು ಸುತ್ತು ಹಾಕಿದವರು ನಕ್ಕಾರು.

ಹೊಸಬರು ಎಡವುವ ಇನ್ನೊಂದು ಕಡೆ ಸಾವಿನ ಅಲೆ. ದೊಡ್ಡ ಬಡಾವಣೆಯನ್ನು ಒಂದೇ ಸಲ ತೆರೆದರೆ ಹೆಚ್ಚುಕಡಿಮೆ ಒಂದೇ ವಯಸ್ಸಿನವರು ಬಂದು ಸೇರಿ, ಮುಂದೆ ಒಟ್ಟಿಗೇ ಸಾಯುತ್ತಾರೆ, ಶವವಾಹನ ಸಾಲುವುದಿಲ್ಲ. ಮನೆಗಳಿಗೆಂದು ಗುರುತು ಹಾಕುವ ಜಾಗವನ್ನು, ಅಂದರೆ ವಲಯವನ್ನು, ಬಿಡುವು ಕೊಟ್ಟು ತುಂಡುತುಂಡಾಗಿ ತೆರೆಯಿರಿ. ಕೊಳಚೆ ಬಿಡುವ ಜಾಗ ನದಿಯ ಕೆಳಗಡೆ, ಕುಡಿಯುವ ನೀರಿನ ಪಂಪು ಮೇಲುಗಡೆ ಇರಲಿ.

ಈಗ ಮಾಟುಂಗ ಕಟ್ಟಲು ಹೊರಡಿ. ಕೆಳಗೆ ಉಡುಪಿ ಹೋಟೆಲ್, ಮೇಲೆ ಮೂರು ಮಾಳಿಗೆ ಬಿಡಾರ: ಇಂಥ ಕಟ್ಟಡಕ್ಕೆ ಮೂಲ ಆಟದಲ್ಲಿ ವಲಯವೇ ಇಲ್ಲ. ಮನೆ ಬೇರೆ, ಅಂಗಡಿ ಬೇರೆ. 2023ರಲ್ಲಿ ಬಂದ ಆಟದ ಎರಡನೇ ಆವೃತ್ತಿಯಲ್ಲಿ ಎರಡೂ ಬೆರೆತ ವಲಯ ಇದೆ, ಸರಿ. ಆದರೆ ಮನೆಯೊಳಗೇ ಚರ್ಮ ಹೊಲಿಯುವ ಧಾರಾವಿ ಅದರಲ್ಲೂ ಹುಟ್ಟುವುದಿಲ್ಲ. ಮೂಲ ಆಟದ ಪ್ರಯಾಣಿಕ ರೈಲಿಗೆ ಹಿಡಿಸುವುದು 240 ಜನ. ನಮ್ಮ 12 ಬೋಗಿಯ ಲೋಕಲ್ ಬೆಳಗಿನ ಹೊತ್ತು ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹೊರುತ್ತದೆ. ಅಳತೆ ಕುಗ್ಗಿಸದೆ ಆಟ ನಡೆಯದು ನಿಜ, ಆದರೂ ಇಲ್ಲಿನ ಅಂಕಿ ಹಿಡಿದು ಪಶ್ಚಿಮ ರೈಲ್ವೆಗೆ ಸಲಹೆ ಕೊಡಬೇಡಿ.

ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಹಿಡಿಸುವುದು ಬುಲ್ಡೋಜರ್. ಒಂದು ಕ್ಲಿಕ್ಕಿಗೆ ಚಾಳ್ (ಒಂದೊಂದು ಕೋಣೆಯ ಸಾಲು ಬಿಡಾರ) ನೆಲಸಮ. ನಿವಾಸಿಗಳ ಒಪ್ಪಿಗೆ ಪತ್ರವಿಲ್ಲ, ಮನೆ ಬಿಟ್ಟವರಿಗೆ ತಾತ್ಕಾಲಿಕ ಬಿಡಾರದ ಟ್ರಾನ್ಸಿಟ್ ಕ್ಯಾಂಪ್ ಇಲ್ಲ, ಕೋರ್ಟಿನ ತಡೆಯಾಜ್ಞೆಯಿಲ್ಲ. ಹೀಗೆ ಆಡುತ್ತ ಹೋದರೆ ಹಳೆಯ ಕಟ್ಟಡವೆಂದರೆ ಮೆಟ್ರೋ ದಾರಿಗೆ ಅಡ್ಡ ಬಂದ ಕಲ್ಲು ಎನಿಸತೊಡಗುತ್ತದೆ.

ಕೊಳ್ಳುವುದಾದರೆ ರಿಯಾಯಿತಿ ಬಂದಾಗ ಮೂಲ ಆಟದ ಜೊತೆ ಮಾಸ್ ಟ್ರಾನ್ಸಿಟ್ ಎಂಬ ಹೆಚ್ಚುವರಿ ಭಾಗವೊಂದನ್ನೇ ತೆಗೆದುಕೊಳ್ಳಿ. ಮಾಡ್, ಹೊಸ ಕಟ್ಟಡಗಳನ್ನು ಧಾರಾಳವಾಗಿ ಹಾಕುವವರಿಗೆ 16 ಜಿಬಿ ರ‍್ಯಾಮ್ ಬೇಕು. 8ರಲ್ಲಿ ಲೋಡ್ ಆಗುವಷ್ಟರಲ್ಲಿ ಚಹಾ ತಣ್ಣಗಾಗುತ್ತದೆ.